ಬೀಗ ಹಾಕಿದ ಬಾಗಿಲು, ಚೀನಾದ ಕಾರ್ಮಿಕರು, ಯುರೋಪಿನ ಬಯ್ಯರ್‌ಗಳು

ಚೆಕಿಂಗ್‌ಟೇಬಲ್:

ಎಲ್ಲರಿಗೂ ನಮಸ್ಕಾರ. ನಾನು ಬೆಂಗಳೂರಿನ ಒಂದು ಗಾರ್ಮೆಂಟ್ಸ್‌ನಲ್ಲಿ ಹನ್ನೊಂದು ವರ್ಷದಿಂದ ಇದ್ದೇನೆ. ಮೊದಲು ಮಷಿನ್ ಮೇಲೆ, ಈಗ ಚೆಕಿಂಗ್ ಟೇಬಲ್‌ನಲ್ಲಿ. ಕಂಪನಿ ಹೆಸರು ಬೇಡ.

ನಮ್ಮ ಫ್ಲೋರ್‌ನ ಹಿಂಬದಿಗೆ ಒಂದು ಎಮರ್ಜೆನ್ಸಿ ಬಾಗಿಲಿದೆ. ಅದರ ಮುಂದೆ ಏನೂ ಇಡಬಾರದು ಅಂತ ನೆಲಕ್ಕೆ ಹಳದಿ ಪಟ್ಟಿ ಬಳಿದಿದ್ದಾರೆ. ಆದರೆ ಆ ಪಟ್ಟಿ ಮೇಲೆ ಯಾವಾಗಲೂ ಪ್ಯಾಕಿಂಗ್ ಡಬ್ಬಗಳು ಎದೆಮಟ್ಟ ಇರುತ್ತವೆ. ಬಯ್ಯರ್ ಆಡಿಟ್ ಇದೆ ಅಂದರೆ ಹಿಂದಿನ ರಾತ್ರಿಯೇ ಡಬ್ಬಗಳೆಲ್ಲ ಗೋಡೌನ್‌ಗೆ ಹೋಗುತ್ತವೆ. ಬೆಳಿಗ್ಗೆ ಸೂಪರ್‌ವೈಸರ್ ಬಂದು, ಯಾರಾದರೂ ಕೇಳಿದರೆ ಹೀಗೆ ಹೀಗೆ ಹೇಳಿ ಅಂತ ಪಾಠ ಮಾಡುತ್ತಾರೆ. ಆಡಿಟ್‌ನವರು ಫೋಟೊ ತೆಗೆದುಕೊಂಡು ಹೋಗುತ್ತಾರೆ. ಮರುದಿನ ಡಬ್ಬಗಳು ವಾಪಸ್.

ಈಚೆಗೆ ನಮ್ಮ ಸಂಘದ ಭಾನುವಾರದ ಮೀಟಿಂಗ್‌ನಲ್ಲಿ ಒಬ್ಬರು ಚೀನಾದ ಜಿಲಿ ಕಾರ್ಖಾನೆ ಕಥೆ ಹೇಳಿದರು. ಆಮೇಲೆ ನಾನೇ ಹುಡುಕಿ ಓದಿದೆ. 1993ರ ನವೆಂಬರ್ 19. ಶೆನ್‌ಜೆನ್‌ನ ಕುಯಿಯೋಂಗ್ ಅನ್ನುವ ಊರು. ಹಾಂಗ್‌ಕಾಂಗ್ ಮಾಲೀಕರ ಆಟಿಕೆ ಕಾರ್ಖಾನೆ. ಇಟಲಿಯ ಕಿಕ್ಕೊ ಬ್ರಾಂಡಿಗೆ ಮಕ್ಕಳ ಆಟದ ಸಾಮಾನು ಮಾಡುತ್ತಿದ್ದರು. ಬೆಂಕಿ ಬಿತ್ತು. ಕಿಟಕಿಗಳಿಗೆ ಕಂಬಿ, ಬಾಗಿಲುಗಳಿಗೆ ಬೀಗ. 87 ಜನ ಸತ್ತರು. ಹೆಚ್ಚಿನವರು ಹಳ್ಳಿಗಳಿಂದ ಬಂದಿದ್ದ ಹುಡುಗಿಯರು. ಸುಟ್ಟ ಜಾಗದಲ್ಲಿ ಅವರ ಕಾಗದಗಳು ಸಿಕ್ಕವಂತೆ. ಊರಿನಿಂದ, ಬೇರೆ ಫ್ಯಾಕ್ಟರಿಯ ಗೆಳತಿಯರಿಂದ ಬಂದ ಕಾಗದಗಳು. ನಿಮ್ಮಲ್ಲಿ ಸಂಬಳ ಎಷ್ಟು, ಓಟಿ ಎಷ್ಟು, ನಮಗೂ ಅಲ್ಲಿ ಕೆಲಸ ಸಿಗುತ್ತಾ ಅಂತ. ಓದಿ ನನಗೆ ಆ ರಾತ್ರಿ ನಿದ್ದೆ ಬರಲಿಲ್ಲ. ನಮ್ಮ ಪಿಜಿಯ ಹುಡುಗಿಯರು ಫೋನಲ್ಲಿ ಮಾತಾಡುವುದೂ ಅದನ್ನೇ ಅಲ್ವಾ?

ನನ್ನ ಪ್ರಶ್ನೆ ಇಷ್ಟು. ಸಾಮಾನು ಕೊಳ್ಳುವವರು ಯುರೋಪಿನವರು. ಅಲ್ಲಿ ಈಗ ಇದಕ್ಕೆಲ್ಲ ಕಾನೂನು ಬಂದಿದೆ ಅನ್ನುತ್ತಾರೆ. ಚೀನಾದಲ್ಲಿ ಸ್ವಂತ ಸಂಘ ಕಟ್ಟುವುದಕ್ಕೂ ಬಿಡುವುದಿಲ್ಲ. ಅಂಥ ಕಡೆಯಿಂದ ಒಬ್ಬ ಕಾರ್ಮಿಕನ ದೂರು ಯುರೋಪಿನವರೆಗೆ ತಲುಪಿ, ಅಲ್ಲಿಂದ ಏನಾದರೂ ವಾಪಸ್ ಬಂದದ್ದು ಇದೆಯಾ? ಗೊತ್ತಿರುವವರು ಹೇಳಿ.

ಕಾನೂನುಕಟ್ಟೆ:

ಅಕ್ಕ, ನೀವು ಹೇಳಿದ ಜಿಲಿ ಪ್ರಕರಣದಲ್ಲೇ ಅರ್ಧ ಉತ್ತರ ಇದೆ. ಬೆಂಕಿ ಆದಮೇಲೆ ಹಾಂಗ್‌ಕಾಂಗ್‌ನ ಸಂಘಟನೆಗಳು ಮತ್ತು ಇಟಲಿಯ ಕಾರ್ಮಿಕ ಸಂಘಗಳು ಸೇರಿ ಕಿಕ್ಕೊದ ಮಾತೃಸಂಸ್ಥೆ ಆರ್ತ್ಸಾನಾ ಮೇಲೆ ವರ್ಷಗಟ್ಟಲೆ ಒತ್ತಡ ಹಾಕಿದವು. 1997ರಲ್ಲಿ ಕಂಪನಿ 30 ಕೋಟಿ ಲೀರಾ ಕೊಡಲು ಒಪ್ಪಿತು. ಲೀರಾ ಲೆಕ್ಕದಲ್ಲಿ ದೊಡ್ಡದಾಗಿ ಕಾಣುತ್ತದೆ. ಅದು ಸುಮಾರು 1.8 ಲಕ್ಷ ಡಾಲರ್. ಅದೂ ಸಂತ್ರಸ್ತರ ಕೈಗೆ ನೇರವಾಗಿ ಸೇರಲಿಲ್ಲ. ಪಟ್ಟಿ ಸರಿಯಿಲ್ಲ, ಹುಡುಕುವುದು ಕಷ್ಟ ಅಂತ ಹೇಳಿ, ಕೊನೆಗೆ ಒಂದು ದತ್ತಿ ಸಂಸ್ಥೆಯ ಮೂಲಕ ಬೇರೆ ಕೆಲಸಕ್ಕೆ ಹೋಯಿತು. ಮೈ ಸುಟ್ಟುಕೊಂಡು ಊರಿಗೆ ಮರಳಿದ ಹುಡುಗಿಯರು ಹಾಗೇ ಉಳಿದರು.

ದೂರು ಹೋಗುತ್ತದೆ. ದುಡ್ಡು ಹೊರಡುತ್ತದೆ. ಕೊನೆಯ ಹತ್ತು ಹೆಜ್ಜೆಯಲ್ಲಿ ನಿಂತುಬಿಡುತ್ತದೆ. ಮುಂದೆ ಬರುವ ಪ್ರಕರಣಗಳಲ್ಲೂ ಇದನ್ನು ಗಮನಿಸಿ.

ಒಂದು ಸೇರಿಸುತ್ತೇನೆ. ಯುರೋಪ್ ಅಂದರೆ ಬರೀ ಒಳ್ಳೆಯ ಕಾನೂನು ಅಲ್ಲ. 2006ರಲ್ಲಿ ಚೀನಾ ಸರ್ಕಾರ ಕಾರ್ಮಿಕ ಒಪ್ಪಂದ ಕಾನೂನಿನ ಕರಡು ಹೊರಡಿಸಿ ಜನರ ಅಭಿಪ್ರಾಯ ಕೇಳಿತು. ಒಂದೇ ತಿಂಗಳಲ್ಲಿ 1,91,849 ಅಭಿಪ್ರಾಯ ಬಂದವು. ಲಿಖಿತ ಒಪ್ಪಂದ ಕಡ್ಡಾಯ, ಸುಮ್ನೆ ಕೆಲಸದಿಂದ ತೆಗೆಯುವ ಹಾಗಿಲ್ಲ, ಇಂಥವೆಲ್ಲ ಅದರಲ್ಲಿದ್ದವು. ಆಗ ವಿರೋಧ ಮಾಡಿದವರಲ್ಲಿ ಅಮೆರಿಕದ ಕಂಪನಿಗಳ ಜೊತೆ ಚೀನಾದಲ್ಲಿರುವ ಯುರೋಪಿಯನ್ ಚೇಂಬರ್ ಆಫ್ ಕಾಮರ್ಸ್ ಕೂಡ ಇತ್ತು. ಖರ್ಚು ಜಾಸ್ತಿಯಾಗುತ್ತದೆ, ಹೂಡಿಕೆ ಬಗ್ಗೆ ಮತ್ತೆ ಯೋಚಿಸಬೇಕಾಗುತ್ತದೆ ಅನ್ನುವ ಧಾಟಿಯಲ್ಲಿ ಬರೆದರು. ಯುರೋಪಿನ ಕಾರ್ಮಿಕ ಸಂಘಗಳು ಗಲಾಟೆ ಮಾಡಿದ ಮೇಲೆ ಚೇಂಬರ್ ದನಿ ತಗ್ಗಿಸಿತು. ಕಾನೂನು 2008ರ ಜನವರಿ 1ರಿಂದ ಜಾರಿಗೆ ಬಂತು, ಕರಡಿಗಿಂತ ಸ್ವಲ್ಪ ಸಡಿಲವಾಗಿ.

ತುಂಗೆದಂಡೆ:

ನನಗೆ ಇದರಲ್ಲಿ ಒಂದು ಭಯ ಇದೆ, ಹೇಳಿಬಿಡುತ್ತೇನೆ. ಯುರೋಪಿನ ಕಂಪನಿಗೆ ದೂರು ಹೋದರೆ ಅವರು ಮಾಡುವ ಮೊದಲ ಕೆಲಸ ಆರ್ಡರ್ ಬೇರೆಯವರಿಗೆ ಕೊಡುವುದು. ಹೊಟ್ಟೆಗೆ ಹೊಡೆಯುವುದು ಕಾರ್ಮಿಕರಿಗೇ.

2014ರ ಏಪ್ರಿಲ್‌ನಲ್ಲಿ ಡೊಂಗ್ಗುವಾನ್‌ನ ಯೂ ಯುವೆನ್ ಮುಷ್ಕರ ನೋಡಿ. ತೈವಾನ್ ಮಾಲೀಕತ್ವ, ಜಗತ್ತಿನ ಅತಿ ದೊಡ್ಡ ಸ್ಪೋರ್ಟ್ಸ್ ಶೂ ತಯಾರಕ. ನೈಕಿ, ಅಡಿಡಾಸ್‌ಗೆಲ್ಲ ಶೂ ಮಾಡಿಕೊಡುವ ಕಂಪನಿ. ಹತ್ತಿಪ್ಪತ್ತು ವರ್ಷ ದುಡಿದವರಿಗೆ ನಿವೃತ್ತಿ ಹತ್ತಿರ ಬಂದಾಗ ಗೊತ್ತಾಯಿತು, ಕಂಪನಿ ಅವರ ಸಾಮಾಜಿಕ ವಿಮೆಗೆ ಕಟ್ಟಬೇಕಾದಷ್ಟು ಕಟ್ಟಿಲ್ಲ ಅಂತ. ಪೂರ್ತಿ ಸಂಬಳದ ಮೇಲೆ ಕಟ್ಟಬೇಕಾದ್ದನ್ನು ಕಡಿಮೆ ಮೊತ್ತದ ಮೇಲೆ ಕಟ್ಟಿದ್ದರು. 40 ಸಾವಿರಕ್ಕೂ ಹೆಚ್ಚು ಜನ ಕೆಲಸ ಬಿಟ್ಟು ಹೊರಗೆ ಬಂದರು. ಎರಡು ವಾರ. ಆಗ ಜರ್ಮನಿಯ ಅಡಿಡಾಸ್ ಏನು ಮಾಡಿತು? ಕೆಲವು ಆರ್ಡರ್‌ಗಳನ್ನು ಬೇರೆ ಕಾರ್ಖಾನೆಗಳಿಗೆ ಸಾಗಿಸಿತು. ಮುಷ್ಕರ ನಡೆಯುತ್ತಿದ್ದಾಗಲೇ.

ಚೆಕಿಂಗ್‌ಟೇಬಲ್:

ಅಣ್ಣ, ನೀವು ಹೇಳುವ ಭಯ ನಮಗೆ ದಿನಾ ಇದೆ. ಮ್ಯಾನೇಜರ್ ಮಾತು ಶುರುವಾಗುವುದೇ ಅಲ್ಲಿಂದ. ಆರ್ಡರ್ ಬಾಂಗ್ಲಾಗೆ ಹೋಗುತ್ತದೆ, ವಿಯೆಟ್ನಾಂಗೆ ಹೋಗುತ್ತದೆ ಅಂತ.

ಆದರೆ ವಿಮೆ ಹಣದ ಮಾತು ಕೇಳಿ ನನಗೆ 2016ರ ಏಪ್ರಿಲ್ ನೆನಪಾಯಿತು. ಪಿಎಫ್‌ನಲ್ಲಿ ಮಾಲೀಕರ ಪಾಲನ್ನು 58 ವರ್ಷ ಆಗುವವರೆಗೆ ತೆಗೆಯುವ ಹಾಗಿಲ್ಲ ಅಂತ ಕೇಂದ್ರ ನಿಯಮ ತಂದಾಗ ಬೆಂಗಳೂರಿನ ಗಾರ್ಮೆಂಟ್ಸ್ ಹೆಂಗಸರು ರಸ್ತೆಗೆ ಬಂದೆವು. ಹೊಸೂರು ರಸ್ತೆ, ತುಮಕೂರು ರಸ್ತೆ ಎಲ್ಲಾ ನಿಂತುಹೋಗಿತ್ತು. ಯಾವ ನಾಯಕರೂ ಕರೆದಿರಲಿಲ್ಲ. ಎರಡೇ ದಿನಕ್ಕೆ ನಿಯಮ ವಾಪಸ್ ಹೋಯಿತು. ಡೊಂಗ್ಗುವಾನ್‌ನ ಆ ಹೆಂಗಸರಿಗೆ ಏನಾಯಿತು? ಅವರಿಗೆ ಸಿಕ್ಕಿತಾ?

ತುಂಗೆದಂಡೆ:

ಸ್ವಲ್ಪ ಸಿಕ್ಕಿತು ಅಕ್ಕ. ಮೇ 1ರಿಂದ ಸರಿಯಾಗಿ ಕಟ್ಟುತ್ತೇವೆ ಅಂತ ಕಂಪನಿ ಒಪ್ಪಿತು. ತಿಂಗಳಿಗೆ 230 ಯುವಾನ್ ಭತ್ಯೆ ಕೊಟ್ಟಿತು. ಹಳೆಯ ಬಾಕಿಗೆ ಒಂದು ಗಂಟು ಇತ್ತು. ಕಂಪನಿ ಹಿಂದಿನದನ್ನು ತುಂಬಬೇಕಾದರೆ ಕಾರ್ಮಿಕರೂ ತಮ್ಮ ಪಾಲಿನ ಹಿಂದಿನ ಬಾಕಿ ಒಟ್ಟಿಗೆ ಕಟ್ಟಬೇಕು. ಹತ್ತು ವರ್ಷದ ಪಾಲನ್ನು ಒಂದೇ ಸಲ ಯಾರ ಹತ್ತಿರ ಇರುತ್ತದೆ? ಇವರಿಗೆ ಕಾನೂನು ಹೇಳಿಕೊಡಲು ಬಂದಿದ್ದ ಶೆನ್‌ಜೆನ್‌ನ ಕಾರ್ಮಿಕ ಕಾರ್ಯಕರ್ತರನ್ನು ಪೊಲೀಸರು ಹಿಡಿದುಕೊಂಡು ಹೋದರು.

ರೈನ್‌ಕನ್ನಡಿಗ:

ನಾನು ಜರ್ಮನಿಯಲ್ಲಿ ಕಾರಿನ ಬಿಡಿಭಾಗ ಮಾಡುವ ಕಂಪನಿಯೊಂದರ ಪರ್ಚೇಸ್ ವಿಭಾಗದಲ್ಲಿದ್ದೇನೆ. ಊರು ದಾವಣಗೆರೆ ಕಡೆ. ಅಕ್ಕನ ಪ್ರಶ್ನೆಗೆ ನೇರವಾಗಿ ಕೂರುವ ಒಂದು ಪ್ರಕರಣ ಇದೆ. ಇಲ್ಲಿ ಇದರ ಬಗ್ಗೆ ಮಾತಾಡುವವರೇ ಕಡಿಮೆ, ಅದಕ್ಕೆ ಸ್ವಲ್ಪ ಉದ್ದವಾಗಿ ಬರೆಯುತ್ತೇನೆ.

ಚೀನಾದ ಈಶಾನ್ಯದಲ್ಲಿ ಚಾಂಗ್‌ಚುನ್ ಅಂತ ನಗರ. ಅಲ್ಲಿ ಎಫ್‌ಎಡಬ್ಲ್ಯೂ-ಫೋಕ್ಸ್‌ವಾಗನ್ ಕಾರ್ಖಾನೆ ಇದೆ. ಚೀನಾ ಸರ್ಕಾರಿ ಕಂಪನಿಯ ಪಾಲು ಶೇ 60, ಜರ್ಮನ್ ಕಡೆಯದು ಶೇ 40. ಅಲ್ಲಿ ಏಜೆನ್ಸಿ ಮೂಲಕ ತೆಗೆದುಕೊಂಡ ಸಾವಿರಾರು ಜನ ಇದ್ದರು. ನಮ್ಮಲ್ಲಿ ಕಂಟ್ರಾಕ್ಟ್ ಲೇಬರ್ ಅನ್ನುತ್ತೇವಲ್ಲ, ಅದೇ. ಪರ್ಮನೆಂಟ್‌ನವರ ಪಕ್ಕದಲ್ಲೇ ನಿಂತು, ಅದೇ ಲೈನ್‌ನಲ್ಲಿ, ಅದೇ ಶಿಫ್ಟ್‌ನಲ್ಲಿ ಅದೇ ಕೆಲಸ. ಹತ್ತು ವರ್ಷ ದಾಟಿದವರೂ ಇದ್ದರು. ಕೈಗೆ ಬರುತ್ತಿದ್ದದ್ದು ಸುಮಾರು ಅರ್ಧ.

ಚೀನಾದ ಕಾರ್ಮಿಕ ಒಪ್ಪಂದ ಕಾನೂನಿನ 63ನೇ ಕಲಮು ಸ್ಪಷ್ಟವಾಗಿದೆ: ಏಜೆನ್ಸಿ ಕಾರ್ಮಿಕನಿಗೂ ಸಮಾನ ಕೆಲಸಕ್ಕೆ ಸಮಾನ ವೇತನ. 2014ರಲ್ಲಿ ಬಂದ ನಿಯಮದ ಪ್ರಕಾರ ಏಜೆನ್ಸಿಯವರು ಒಟ್ಟು ಸಿಬ್ಬಂದಿಯ ಶೇ 10ನ್ನು ಮೀರುವ ಹಾಗಿಲ್ಲ. ಇಷ್ಟನ್ನೂ ಕೈಯಲ್ಲಿ ಹಿಡಿದುಕೊಂಡು 2016ರ ಕೊನೆಗೆ ಅವರು ಶುರು ಮಾಡಿದರು. ಗಲಾಟೆ ಇಲ್ಲ, ಕಲ್ಲು ತೂರಾಟ ಇಲ್ಲ. ಪ್ರತಿನಿಧಿಗಳನ್ನು ಆರಿಸಿಕೊಂಡರು. ಸಂಘಕ್ಕೆ ಹೋದರು, ಲೇಬರ್ ಆಫೀಸಿಗೆ ಹೋದರು. ಎಲ್ಲಿಯೂ ಆಗಲಿಲ್ಲ. 2017ರ ಮೇ ತಿಂಗಳಲ್ಲಿ ಮೂವರು ಪ್ರತಿನಿಧಿಗಳನ್ನು ಪೊಲೀಸರು ಹಿಡಿದರು. ಒಬ್ಬರ ಮೇಲೆ ಜನ ಸೇರಿಸಿ ಸಾರ್ವಜನಿಕ ಶಿಸ್ತು ಕೆಡಿಸಿದ ಕೇಸ್ ಹಾಕಿದರು.

ಈಗ ಯುರೋಪಿನ ತುದಿ. ಅವರ ಮನವಿ ಫೋಕ್ಸ್‌ವಾಗನ್‌ನ ಮುಖ್ಯ ಕಚೇರಿ ಇರುವ ವೋಲ್ಫ್ಸ್‌ಬರ್ಗ್‌ವರೆಗೆ ಬಂತು. ಯಾಕೆ ಬಂತು ಅಂದರೆ, ಫೋಕ್ಸ್‌ವಾಗನ್ 2012ರಲ್ಲಿ ತಾತ್ಕಾಲಿಕ ಕಾರ್ಮಿಕರ ಬಗ್ಗೆಯೇ ಒಂದು ಒಪ್ಪಂದ ಪತ್ರಕ್ಕೆ ಸಹಿ ಹಾಕಿತ್ತು. ಸಹಿ ಹಾಕಿದ ಇನ್ನೊಂದು ಪಕ್ಷ ಕಾರ್ಮಿಕರ ಕಡೆಯದು. ಜರ್ಮನಿಯಲ್ಲಿ ದೊಡ್ಡ ಕಂಪನಿಯ ಮೇಲ್ವಿಚಾರಣಾ ಮಂಡಳಿಯಲ್ಲಿ ಅರ್ಧ ಕುರ್ಚಿ ಕಾರ್ಮಿಕ ಪ್ರತಿನಿಧಿಗಳದು. ಹಾಗಾಗಿ ಚಾಂಗ್‌ಚುನ್‌ನವರು ಕೇಳಿದ್ದು ದಯೆ ಅಲ್ಲ, ನೀವೇ ಬರೆದುಕೊಟ್ಟ ಮಾತು.

ಸಿಕ್ಕ ಉತ್ತರ ಬೇಸರದ್ದು. ಅದು ಜಂಟಿ ಕಂಪನಿ, ನಮ್ಮ ಹಿಡಿತ ಅಲ್ಲಿ ಅಷ್ಟಿಲ್ಲ ಅನ್ನುವ ತರಹದ್ದು. ನಾನು ಇಲ್ಲಿನ ಸಂಘದ ಸದಸ್ಯ, ಚಂದಾ ಕಟ್ಟುತ್ತೇನೆ, ಇಲ್ಲಿನ ಸಂಘದ ಶಕ್ತಿ ಕಣ್ಣಾರೆ ನೋಡಿದ್ದೇನೆ. ಅದಕ್ಕೇ ನನಗೆ ಇದು ಜಾಸ್ತಿ ಚುಚ್ಚುತ್ತದೆ. ಕಾರು ಮಾರಿದ ಲಾಭಕ್ಕೆ ಶೇ 40 ಪಾಲುದಾರರು, ಕಾರ್ಮಿಕ ಜೈಲಿಗೆ ಹೋದಾಗ ಹಿಡಿತ ಇಲ್ಲದವರು. ಇದು ಸರಿಯಲ್ಲ ಅಂತ ನಾನು ನಮ್ಮ ಸಂಘದ ಸಭೆಯಲ್ಲೂ ಹೇಳಿದ್ದೇನೆ.

ಹೊಸಓದುಗ:

ಚೀನಾದ ಸಂಘ ಏನು ಮಾಡುತ್ತಿತ್ತು? ಕಮ್ಯುನಿಸ್ಟ್ ದೇಶ ಅಲ್ವಾ?

ಕಾನೂನುಕಟ್ಟೆ:

ಅಲ್ಲಿ ಕಾನೂನುಬದ್ಧ ಸಂಘ ಒಂದೇ, ಅಖಿಲ ಚೀನಾ ಕಾರ್ಮಿಕ ಸಂಘಗಳ ಒಕ್ಕೂಟ. ಸದಸ್ಯರು ಸುಮಾರು 30 ಕೋಟಿ. ಕಾರ್ಖಾನೆ ಮಟ್ಟದಲ್ಲಿ ಅದರ ಅಧ್ಯಕ್ಷರು ಎಷ್ಟೋ ಕಡೆ ಕಂಪನಿಯ ಎಚ್‌ಆರ್ ಮ್ಯಾನೇಜರೇ. ಮುಷ್ಕರದ ಹಕ್ಕು ಸಂವಿಧಾನದಲ್ಲಿತ್ತು, 1982ರಲ್ಲಿ ತೆಗೆದರು. 2018ರಲ್ಲಿ ಶೆನ್‌ಜೆನ್‌ನ ಜಾಸಿಕ್ ಅನ್ನುವ ವೆಲ್ಡಿಂಗ್ ಯಂತ್ರದ ಕಾರ್ಖಾನೆಯಲ್ಲಿ ಕಾರ್ಮಿಕರು ಅದೇ ಒಕ್ಕೂಟದ ಅಡಿಯಲ್ಲಿ ಶಾಖೆ ತೆರೆಯುತ್ತೇವೆ ಅಂದಿದ್ದಕ್ಕೇ ಕೆಲಸ ಹೋಯಿತು, ಬಂಧನ ಆಯಿತು. ಬೆಂಬಲಕ್ಕೆ ಬಂದ ಪೀಕಿಂಗ್ ವಿಶ್ವವಿದ್ಯಾಲಯದ ವಿದ್ಯಾರ್ಥಿಗಳನ್ನೂ ಬಿಡಲಿಲ್ಲ. ಅವರ ಕೈಯಲ್ಲಿ ಮಾರ್ಕ್ಸ್ ಪುಸ್ತಕ ಇತ್ತು.

ಆರ್ನೋನದಿ:

ನಾನು ಇಟಲಿಯ ಫ್ಲಾರೆನ್ಸ್‌ನಲ್ಲಿ ಓದುತ್ತಿದ್ದೇನೆ. ಜಿಲಿ ಕಿಟಕಿಯ ಕಂಬಿ ಬಗ್ಗೆ ಓದಿದ ಮೇಲೆ ಬರೆಯದೆ ಇರಲು ಆಗಲಿಲ್ಲ.

ಇಲ್ಲಿಂದ ರೈಲಿನಲ್ಲಿ ಅರ್ಧ ಗಂಟೆ ದೂರ ಪ್ರಾತೊ ಊರು. ನೂರಾರು ವರ್ಷದಿಂದ ಬಟ್ಟೆಯ ಊರು. 1990ರ ದಶಕದಿಂದ ಚೀನಾದ ವೆನ್‌ಝೋ ಕಡೆಯವರು ಬಂದು ಹೊಲಿಗೆ ವರ್ಕ್‌ಶಾಪ್‌ಗಳನ್ನು ತೆರೆದರು. ಮ್ಯಾಕ್ರೊಲೊಟ್ಟೊ ಅನ್ನುವ ಇಂಡಸ್ಟ್ರಿಯಲ್ ಏರಿಯಾದಲ್ಲಿ ಹೆಚ್ಚಿನವು ಅವರದೇ. ಉದ್ದುದ್ದ ಶೆಡ್‌ಗಳು. ಮುಂದೆ ವ್ಯಾನ್‌ಗಳಿಗೆ ಬಟ್ಟೆ ಮೂಟೆ ತುಂಬುತ್ತಿರುತ್ತಾರೆ. ನಾನು ಹೋದಾಗ ಮಧ್ಯಾಹ್ನ. ಒಂದು ಶೆಡ್ಡಿನ ಬಾಗಿಲು ಅರ್ಧ ತೆರೆದಿತ್ತು. ಹೊಲಿಗೆ ಮಷಿನ್ ಸದ್ದಿನ ಜೊತೆ ಅನ್ನ ಬೇಯುವ ವಾಸನೆ ಬಂತು. ಅಲ್ಲೇ ಕೆಲಸ, ಅಲ್ಲೇ ಊಟ.

2013ರ ಡಿಸೆಂಬರ್ 1, ಭಾನುವಾರ ಬೆಳಿಗ್ಗೆ. ತೆರೇಸಾ ಮೋದಾ ಅನ್ನುವ ವರ್ಕ್‌ಶಾಪಿಗೆ ಬೆಂಕಿ ಬಿತ್ತು. ಕಾರ್ಮಿಕರು ಶೆಡ್ಡಿನ ಒಳಗೇ ಅಟ್ಟ ಕಟ್ಟಿಕೊಂಡು ಮಲಗುತ್ತಿದ್ದರು. ಏಳು ಜನ ಚೀನೀ ಕಾರ್ಮಿಕರು ಸತ್ತರು. ಒಬ್ಬರು ಕಿಟಕಿ ಒಡೆದು ಕೈ ಹೊರಗೆ ಹಾಕಿದ್ದರು. ಕಿಟಕಿಗೆ ಕಂಬಿ ಇತ್ತು. ಕೈ ಮಾತ್ರ ಹೊರಗೆ ಬಂದಿತ್ತು.

ಜಿಲಿಯಿಂದ ಸರಿಯಾಗಿ ಇಪ್ಪತ್ತು ವರ್ಷ. ಅಲ್ಲಿ ಇಟಲಿಯ ಬ್ರಾಂಡಿಗೆ ಚೀನಾದಲ್ಲಿ ಸತ್ತರು. ಇಲ್ಲಿ ಚೀನಾದವರು ಇಟಲಿಗೇ ಬಂದು ಸತ್ತರು. ಪ್ರಾತೊದಲ್ಲಿ ಹೊಲಿದದ್ದಕ್ಕೆ ಮೇಡ್ ಇನ್ ಇಟಲಿ ಅನ್ನುವ ಲೇಬಲ್ ಹಾಕಬಹುದು ಅನ್ನುವುದನ್ನೂ ನೆನಪಿಡಿ.

ಒಂದು ಒಳ್ಳೆಯ ಸುದ್ದಿಯೂ ಇದೆ. ಆ ಬೆಂಕಿಯ ನಂತರ ಟಸ್ಕನಿ ಪ್ರಾಂತ್ಯ ಇನ್‌ಸ್ಪೆಕ್ಟರ್‌ಗಳನ್ನು ಹೆಚ್ಚಿಸಿ ವರ್ಕ್‌ಶಾಪ್‌ಗಳ ತಪಾಸಣೆ ಶುರು ಮಾಡಿತು. 2021ರಲ್ಲಿ ಟೆಕ್ಸ್‌ಪ್ರಿಂಟ್ ಅನ್ನುವ ಚೀನೀ ಮಾಲೀಕರ ಪ್ರಿಂಟಿಂಗ್ ಕಾರ್ಖಾನೆ ಮುಂದೆ ಕಾರ್ಮಿಕರು ತಿಂಗಳುಗಟ್ಟಲೆ ಟೆಂಟ್ ಹಾಕಿ ಕೂತರು. ಹೆಚ್ಚಿನವರು ಪಾಕಿಸ್ತಾನದವರು. ದಿನಕ್ಕೆ 12 ಗಂಟೆ, ವಾರಕ್ಕೆ ಏಳು ದಿನ ದುಡಿಯುತ್ತಿದ್ದವರು. ಅವರ ಬೇಡಿಕೆಯನ್ನು ಒಂದೇ ಸಾಲಲ್ಲಿ ಬ್ಯಾನರ್ ಮೇಲೆ ಬರೆದಿದ್ದರು: 8x5. ಎಂಟು ಗಂಟೆ, ಐದು ದಿನ. ಅಷ್ಟೇ. ಆಮೇಲೆ ಅಕ್ಕಪಕ್ಕದ ಎಷ್ಟೋ ವರ್ಕ್‌ಶಾಪ್‌ಗಳಲ್ಲಿ ಅದೇ ಬ್ಯಾನರ್ ಕಾಣಿಸಿತು, ಎಷ್ಟೋ ಕಡೆ ಗೆದ್ದರು.

ಚೆಕಿಂಗ್‌ಟೇಬಲ್:

ಆ ಕೈ ಬಗ್ಗೆ ಓದಿ ಸ್ವಲ್ಪ ಹೊತ್ತು ಫೋನ್ ಕೆಳಗಿಟ್ಟೆ ತಂಗಿ.

ಪಡುವಣಗಾಳಿ:

ಭಾರತದ ನಂಟೂ ಇದೆ, ಇದನ್ನು ನಮ್ಮ ಊರುಗಳಲ್ಲಿ ಹೇಳಬೇಕು. ಸರ್ಬಿಯಾದ ಝ್ರೆನ್ಯಾನಿನ್‌ನಲ್ಲಿ ಚೀನಾದ ಲಿಂಗ್‌ಲಾಂಗ್ ಟೈರ್ ಕಾರ್ಖಾನೆ ಕಟ್ಟುತ್ತಿದ್ದಾಗ, 2021ರಲ್ಲಿ ಸುಮಾರು 500 ವಿಯೆಟ್ನಾಂ ಕಾರ್ಮಿಕರು ಅಲ್ಲಿದ್ದರು. ಪಾಸ್‌ಪೋರ್ಟ್ ಕಿತ್ತಿಟ್ಟುಕೊಂಡಿದ್ದರು. ಚಳಿಗಾಲಕ್ಕೆ ಹೀಟರ್ ಇಲ್ಲದ ಶೆಡ್ಡುಗಳು. ಯುರೋಪಿಯನ್ ಪಾರ್ಲಿಮೆಂಟ್ ಅದೇ ಡಿಸೆಂಬರ್‌ನಲ್ಲಿ ನಿರ್ಣಯ ಮಾಡಿತು. ಆದರೂ 2024ರಲ್ಲಿ ಅಲ್ಲಿನ ಸಂಸ್ಥೆಗಳು ಅದೇ ಜಾಗದಲ್ಲಿ ಭಾರತದಿಂದ ಹೋದ ಕಾರ್ಮಿಕರ ಪಾಡಿನ ಬಗ್ಗೆ ವರದಿ ಮಾಡಬೇಕಾಯಿತು. ಏಜೆಂಟ್ ಯುರೋಪ್ ಕೆಲಸ ಅಂದಾಗ ನಮ್ಮ ಹುಡುಗರು ದೇಶದ ಹೆಸರು ಕೇಳುತ್ತಾರೆ, ಮಾಲೀಕ ಯಾರು ಅಂತ ಕೇಳುವುದಿಲ್ಲ. ದಯವಿಟ್ಟು ಕೇಳಿ. ಪಾಸ್‌ಪೋರ್ಟ್ ಯಾರ ಕೈಗೂ ಕೊಡಬೇಡಿ.

ಕಾನೂನುಕಟ್ಟೆ:

ಈಗ ಯುರೋಪಿನ ಕಾನೂನುಗಳು, ಬೇಗ ಹೇಳಿಬಿಡುತ್ತೇನೆ. ದೊಡ್ಡ ಕಂಪನಿಗಳು ತಮ್ಮ ಸಪ್ಲೈಯರ್‌ಗಳ ಕಡೆಯೂ ಕಾರ್ಮಿಕರ ಹಕ್ಕು ಮುರಿಯದಂತೆ ನೋಡಿಕೊಳ್ಳಬೇಕು ಅನ್ನುವ ಕಾನೂನನ್ನು 2017ರಲ್ಲಿ ಫ್ರಾನ್ಸ್ ಮೊದಲು ಮಾಡಿತು, ಬಾಂಗ್ಲಾದ ರಾಣಾ ಪ್ಲಾಜಾ ಗಾರ್ಮೆಂಟ್ಸ್ ಕಟ್ಟಡ ಕುಸಿತದ ನಂತರದ ಒತ್ತಡದಿಂದ. ಜರ್ಮನಿಯ ಸಪ್ಲೈ ಚೈನ್ ಕಾನೂನು 2023ರ ಜನವರಿಯಿಂದ ಜಾರಿಯಲ್ಲಿದೆ. ಯುರೋಪ್ ಒಕ್ಕೂಟದ ಇಂಥದೇ ನಿರ್ದೇಶನ 2024ರಲ್ಲಿ ಬಂತು, 2025ರಲ್ಲಿ ಅದನ್ನು ಮುಂದೂಡಿದರು, ಸಡಿಲ ಮಾಡುವ ಕೆಲಸವೂ ಶುರುವಾಯಿತು. ಬಲವಂತದ ದುಡಿಮೆಯಿಂದ ತಯಾರಾದ ಮಾಲನ್ನು ಮಾರುಕಟ್ಟೆಗೆ ಬಿಡದ ಕಾನೂನು 2027ರ ಡಿಸೆಂಬರ್‌ನಿಂದ ಜಾರಿಯಾಗಬೇಕು.

ಒಪ್ಪಂದಗಳ ವಿಷಯ ಇನ್ನೂ ಮುಖ್ಯ. 2020ರ ಡಿಸೆಂಬರ್‌ನಲ್ಲಿ ಚೀನಾ ಮತ್ತು ಯುರೋಪ್ ಒಕ್ಕೂಟ ಹೂಡಿಕೆ ಒಪ್ಪಂದಕ್ಕೆ ಒಪ್ಪಿದಾಗ, ಬಲವಂತದ ದುಡಿಮೆ ವಿರುದ್ಧದ ಐಎಲ್‌ಒ (ಅಂತರರಾಷ್ಟ್ರೀಯ ಕಾರ್ಮಿಕ ಸಂಸ್ಥೆ) ಒಡಂಬಡಿಕೆಗಳಾದ 29 ಮತ್ತು 105ನ್ನು ಅನುಮೋದಿಸುವತ್ತ ಪ್ರಯತ್ನ ಮಾಡುತ್ತೇವೆ ಅಂತ ಚೀನಾ ಬರೆದುಕೊಟ್ಟಿತು. ಹೂಡಿಕೆ ಒಪ್ಪಂದ 2021ರಲ್ಲೇ ನಿಂತುಹೋಯಿತು. ಆದರೂ 2022ರಲ್ಲಿ ಚೀನಾ ಆ ಎರಡನ್ನೂ ಅನುಮೋದಿಸಿತು. ಉಳಿದದ್ದು 87 ಮತ್ತು 98. ಸಂಘ ಕಟ್ಟುವ ಹಕ್ಕು, ಸಾಮೂಹಿಕವಾಗಿ ಚೌಕಾಸಿ ಮಾಡುವ ಹಕ್ಕು. ಅದನ್ನು ಚೀನಾ ಇವತ್ತಿಗೂ ಒಪ್ಪಿಲ್ಲ.

ಭಾರತವೂ ಆ ಎರಡನ್ನು ಒಪ್ಪಿಲ್ಲ. ಇದನ್ನು ಹೇಳದೆ ಚೀನಾ ಬಗ್ಗೆ ಮಾತಾಡುವುದು ನ್ಯಾಯ ಅಲ್ಲ.

ತುಂಗೆದಂಡೆ:

ಇದು ನನಗೆ ಗೊತ್ತಿರಲಿಲ್ಲ ಸರ್. ನಮ್ಮಲ್ಲಿ ಸಂಘ ಕಟ್ಟಬಹುದು ಅಲ್ವಾ, ಆದ್ದರಿಂದ ಒಪ್ಪಿರುತ್ತೇವೆ ಅಂದುಕೊಂಡಿದ್ದೆ.

ರೈನ್‌ಕನ್ನಡಿಗ:

ಜರ್ಮನ್ ಕಾನೂನು ನನ್ನ ಟೇಬಲ್ ಮೇಲೆ ಹೇಗೆ ಕಾಣುತ್ತದೆ ಅಂತ ಹೇಳುತ್ತೇನೆ. ಸಪ್ಲೈಯರ್‌ಗೆ ಒಂದು ಪ್ರಶ್ನೆಪಟ್ಟಿ ಕಳಿಸುತ್ತೇವೆ. ಅದರಲ್ಲಿ ಒಂದು ಪ್ರಶ್ನೆ: ನಿಮ್ಮಲ್ಲಿ ಕಾರ್ಮಿಕ ಸಂಘ ಇದೆಯಾ? ನನ್ನ ಕೈಗೆ ಬಂದ ಚೀನಾದ ಪಟ್ಟಿಗಳಲ್ಲಿ ಎಲ್ಲದರಲ್ಲೂ ಇದೆ ಅಂತ ಟಿಕ್. ಸರ್ಕಾರಿ ಒಕ್ಕೂಟದ ಶಾಖೆ ಇರುತ್ತದಲ್ಲ. ನನ್ನ ಸ್ಕ್ರೀನ್ ಮೇಲೆ ಅದು ಹಸಿರು ಬಣ್ಣಕ್ಕೆ ತಿರುಗುತ್ತದೆ. ತಮಿಳುನಾಡಿನ ಒಬ್ಬ ಸಪ್ಲೈಯರ್ ಪ್ರಾಮಾಣಿಕವಾಗಿ ಇಲ್ಲ ಅಂತ ಬರೆದರೆ ಅವನದು ಹಳದಿ. ಇದನ್ನು ಮೇಲಿನವರಿಗೆ ಹೇಳಿದ್ದೇನೆ. ಪ್ರಶ್ನೆ ಬದಲಾಯಿಸಿ, ಕೊನೆಯ ಸಲ ಸಂಬಳದ ಚೌಕಾಸಿ ಯಾವಾಗ ಆಯಿತು, ಯಾರು ಕೂತಿದ್ದರು ಅಂತ ಕೇಳಿ ಅಂದೆ. ನೋಡೋಣ ಅಂದಿದ್ದಾರೆ.

ಆಡಿಟ್ ಮೇಲೆ ನಂಬಿಕೆ ಇಡುವವರಿಗೆ ಇನ್ನೊಂದು ಮಾತು. 2020ರಲ್ಲಿ ಯುರೋಪಿನ ದೊಡ್ಡ ಆಡಿಟ್ ಕಂಪನಿಗಳೇ ಚೀನಾದ ವಾಯವ್ಯದ ಶಿನ್‌ಜಿಯಾಂಗ್ ಪ್ರಾಂತ್ಯದಲ್ಲಿ ಕಾರ್ಮಿಕ ಆಡಿಟ್ ಮಾಡುವುದಿಲ್ಲ ಅಂತ ಕೈಚೆಲ್ಲಿದವು. ಪೊಲೀಸರ ಕಣ್ಗಾವಲಿನಲ್ಲಿ ಕಾರ್ಮಿಕ ಏನು ಹೇಳಿಯಾನು? ಫೋಕ್ಸ್‌ವಾಗನ್ ಅಲ್ಲಿನ ತನ್ನ ಉರುಮ್ಚಿ ಕಾರ್ಖಾನೆಯನ್ನು 2024ರ ನವೆಂಬರ್‌ನಲ್ಲಿ ಮಾರಿ ಹೊರಬಂತು.

ಹೊಸಓದುಗ:

ಹಾಗಾದರೆ ಒಳಗಿನ ಸುದ್ದಿ ಹೊರಗೆ ಹೇಗೆ ಬರುತ್ತಿತ್ತು?

ಕಾನೂನುಕಟ್ಟೆ:

ಹೆಚ್ಚಿನದು ಹಾಂಗ್‌ಕಾಂಗ್‌ನಿಂದ. ಹಾನ್ ಡೊಂಗ್‌ಫಾಂಗ್ ಅಂತ, ಬೀಜಿಂಗ್‌ನಲ್ಲಿ ರೈಲ್ವೆ ಎಲೆಕ್ಟ್ರಿಷಿಯನ್ ಆಗಿದ್ದವರು. 1989ರಲ್ಲಿ ತಿಯಾನನ್ಮೆನ್ ಚೌಕದಲ್ಲಿ ಸ್ವತಂತ್ರ ಕಾರ್ಮಿಕ ಸಂಘ ಕಟ್ಟಿದವರಲ್ಲಿ ಒಬ್ಬರು. ಜೈಲಿನಲ್ಲಿ ಕ್ಷಯ ಹತ್ತಿ ಒಂದು ಶ್ವಾಸಕೋಶ ಹೋಯಿತು. 1994ರಲ್ಲಿ ಚೈನಾ ಲೇಬರ್ ಬುಲೆಟಿನ್ ಶುರು ಮಾಡಿದರು. ರೇಡಿಯೊ ಕಾರ್ಯಕ್ರಮದಲ್ಲಿ ಕಾರ್ಮಿಕರಿಗೆ ಫೋನ್ ಮಾಡುತ್ತಿದ್ದರು, ಸಂಘದ ಆಫೀಸಿಗೂ ಫೋನ್ ಮಾಡಿ ನೀವೇನು ಮಾಡಿದಿರಿ ಅಂತ ಕೇಳುತ್ತಿದ್ದರು. ಯಾವ ಊರಲ್ಲಿ ಯಾವ ಮುಷ್ಕರ ಅಂತ ನಕ್ಷೆ ಇಟ್ಟಿದ್ದರು. ಚಾಂಗ್‌ಚುನ್ ಕಾರ್ಮಿಕರ ಪರ ದನಿ ಎತ್ತಿದ್ದೂ ಅವರೇ.

2025ರ ಜೂನ್‌ನಲ್ಲಿ ಆ ಸಂಸ್ಥೆ ಮುಚ್ಚಿತು. ಮೂವತ್ತೊಂದು ವರ್ಷದ ಕೆಲಸ. ಅದಕ್ಕಿಂತ ಮೊದಲೇ, 2015ರ ಡಿಸೆಂಬರ್‌ನಲ್ಲಿ, ಗ್ವಾಂಗ್‌ಡಾಂಗ್‌ನ ಕಾರ್ಮಿಕ ಕೇಂದ್ರಗಳ ಮೇಲೆ ದಾಳಿ ಆಗಿತ್ತು. 2017ರಿಂದ ವಿದೇಶಿ ಹಣದ ಮೇಲೆ ಪೊಲೀಸ್ ಹಿಡಿತದ ಕಾನೂನು. ಯುರೋಪಿನಲ್ಲಿ ದೂರು ಕೇಳುವ ಕಿವಿ ತಯಾರಾಗುವಷ್ಟರಲ್ಲಿ ಚೀನಾದಲ್ಲಿ ದೂರು ಮುಟ್ಟಿಸುವ ಕೈಗಳು ಇಲ್ಲವಾದವು. ನನಗೆ ಬಹಳ ನೋವು ಕೊಡುವುದು ಇದೇ.

ರೈನ್‌ಕನ್ನಡಿಗ:

ಚೆಕಿಂಗ್‌ಟೇಬಲ್ ಅಕ್ಕ, ನಿಮ್ಮ ವಿಷಯಕ್ಕೆ ಬರುತ್ತೇನೆ. ಜರ್ಮನ್ ಕಾನೂನಿನ ಪ್ರಕಾರ ಅದರ ವ್ಯಾಪ್ತಿಗೆ ಬರುವ ದೊಡ್ಡ ಕಂಪನಿಗಳು ದೂರು ಹೇಳಲು ಒಂದು ದಾರಿ ಇಟ್ಟಿರಲೇಬೇಕು. ಸಪ್ಲೈಯರ್ ಕಡೆಯ ಕಾರ್ಮಿಕರೂ ಅದನ್ನು ಬಳಸಬಹುದು, ಯಾವ ದೇಶದವರಾದರೂ ಸರಿ. ಅಲ್ಲಿ ಆಗದಿದ್ದರೆ ಬಾಫಾ ಅನ್ನುವ ಸರ್ಕಾರಿ ಇಲಾಖೆಗೆ ಬರೆಯಬಹುದು. ನೀವು ಒಬ್ಬರೇ ಬರೆಯಬೇಡಿ. ಸಂಘದ ಹೆಸರಲ್ಲಿ ಬರೆಯಿರಿ. ಡಬ್ಬ ಇಟ್ಟ ಬಾಗಿಲಿನ ಫೋಟೊ ತಾರೀಖಿನ ಸಮೇತ ಇರಲಿ, ಆದರೆ ಫೋನ್ ತರಬಾರದು ಅನ್ನುವ ನಿಯಮ ಇದ್ದರೆ ಕೆಲಸಕ್ಕೆ ಕುತ್ತು ತಂದುಕೊಳ್ಳಬೇಡಿ. ಡಬ್ಬ ಇದ್ದ ದಿನಗಳನ್ನು ಪುಸ್ತಕದಲ್ಲಿ ಬರೆದಿಟ್ಟರೂ ಸಾಕು. ಮೊದಲು ಆ ಬ್ರಾಂಡ್ ಯಾವ ದೇಶದ್ದು ಅಂತ ನೋಡಿ.

ಚೆಕಿಂಗ್‌ಟೇಬಲ್:

ಫೋನ್ ಗೇಟಲ್ಲೇ ಇಸಿದುಕೊಳ್ಳುತ್ತಾರೆ ಅಣ್ಣ. ಪುಸ್ತಕ ಇಡುತ್ತೇನೆ.

ಬ್ರಾಂಡ್ ನೋಡಿದೆ. ಈಗ ನಮ್ಮ ಫ್ಲೋರ್‌ನಲ್ಲಿ ಮೂರು ಓಡುತ್ತಿವೆ, ಅದರಲ್ಲಿ ಒಂದು ಜರ್ಮನಿಯದು. ಪಕ್ಕದ ಹೊಲಿಗೆಯೊಳಗೆ ಸೇರಿಸುವ ಲೇಬಲ್ ಇರುತ್ತದಲ್ಲ, ಒಗೆಯುವ ಚಿಹ್ನೆ ಇರುವುದು, ಅದರ ಹಿಂದೆ ಸಣ್ಣಕ್ಷರದಲ್ಲಿ ಕಂಪನಿ ವಿಳಾಸ ಇದೆ. ಹನ್ನೊಂದು ವರ್ಷದಲ್ಲಿ ಎಷ್ಟು ಸಾವಿರ ಪೀಸ್ ತಿರುಗಿಸಿ ನೋಡಿದ್ದೇನೋ, ಅದನ್ನು ಓದಿರಲಿಲ್ಲ. ಇವತ್ತು ಊಟದ ಹೊತ್ತಿಗೆ ಬರೆದುಕೊಂಡೆ. ಭಾನುವಾರ ಸಂಘದ ಮೀಟಿಂಗ್‌ಗೆ ತೆಗೆದುಕೊಂಡು ಹೋಗುತ್ತೇನೆ. ಕಾಗದ ಬರೆಯುವಾಗ ಇಲ್ಲೇ ಕೇಳುತ್ತೇನೆ, ಜರ್ಮನ್‌ನಲ್ಲಿ ತಿದ್ದಿಕೊಡಿ.